ಅರ್ಧ ಮುಖದ ಗುರುತು

ಅವನು ಅವಳನ್ನು ನೋಡಿದ. ನೇರವಾಗಿ, ಮುಖವನ್ನೇ ನೋಡಿದ.

ಆಮೇಲೆ ತಟ್ಟನೆ ಕಣ್ಣು ತಗ್ಗಿಸಿ ಮುಂದೆ ನಡೆದುಬಿಟ್ಟ!

ರೈಲು ನಿಲ್ದಾಣದ ಬೆಂಚಿನ ಮೇಲೆ ಕುಳಿತಿದ್ದ ಅವಳು ಅರ್ಧಕ್ಕೆ ಎದ್ದಳು. ಅವನೇ... ಅನುಮಾನವೇ ಇಲ್ಲ. ಅಮ್ಮನ ಶಾಲು ಹೆಗಲ ಮೇಲೆ ಹಾಕಿಕೊಂಡು ಬರುತ್ತೇನೆ ಅಂದಿದ್ದ, ಹಾಗೇ ಬಂದಿದ್ದ.

'ಕರೆಯಲೇ?'

ನೋಡಿಯೂ ಹೋದವನನ್ನು ಕರೆದು ಏನು ಕೇಳುವುದು? ಯಾಕೆ ಹೋದಿರಿ ಅಂತಲೇ? ಅದು ಅವಳಿಗೆ ಗೊತ್ತಿಲ್ಲದ ವಿಷಯವೇ!

ಅವನು ಪ್ಲಾಟ್‌ಫಾರ್ಮಿನ ತುದಿ ಮುಟ್ಟಿ ಮರಳುವಷ್ಟರಲ್ಲಿ ಅವಳು ರಸ್ತೆಯಲ್ಲಿದ್ದಳು. ಫೋನು ಬಡಿದುಕೊಂಡಿತು. ಅವಳು ಆ ನಂಬರನ್ನೇ ಬ್ಲಾಕ್ ಮಾಡಿದಳು.

ಅವಳಿಗೆ ಬಸ್ ಕಂಪನಿಯ ಕಳೆದ ವಸ್ತುಗಳ ಕೌಂಟರಿನಲ್ಲಿ ಕೆಲಸ. ಜನ ಬಸ್ಸಿನಲ್ಲಿ ಮರೆತು ಹೋದ ಕೊಡೆ, ಚೀಲ, ಕನ್ನಡಕ, ಒಂಟಿ ಚಪ್ಪಲಿಯವರೆಗೂ ಎಲ್ಲವೂ ಅವಳ ಬೆನ್ನ ಹಿಂದಿನ ಕಪಾಟಿಗೇ ಬರುತ್ತವೆ. ಅಲ್ಲಿ ನಿಯಮ ಒಂದೇ. ಕೇಳಿಕೊಂಡು ಬಂದವರು ಮೊದಲು ಗುರುತು ಹೇಳಬೇಕು, ಆಮೇಲೆಯೇ ವಸ್ತು ತೋರಿಸುವುದು.

ಅವನು ಬೇರೆ ಊರಿನ ಲಿಫ್ಟ್ ಮೆಕ್ಯಾನಿಕ್. ಮೊದಲ ಸಲ ಫೋನ್ ಮಾಡಿದ್ದು ಆ ಶಾಲಿಗಾಗಿ.

"ಕಡು ಕೆಂಪು ಶಾಲು ಮೇಡಂ, ಹೊಸದರ ಹಾಗಿದೆ. ನಮ್ಮಮ್ಮಂದು... ಅವರೀಗ ಇಲ್ಲ."

ಕಪಾಟಿನಲ್ಲಿ ಕಡು ಕೆಂಪಿನ ಶಾಲೇ ಇರಲಿಲ್ಲ. ಮಾಸಿ ಇಟ್ಟಿಗೆ ಬಣ್ಣಕ್ಕೆ ತಿರುಗಿದ, ನೂಲು ಸವೆದ ಒಂದು ಶಾಲಿತ್ತು. ಬೇರೆ ಯಾರಾದರೂ ಆಗಿದ್ದರೆ ಇಲ್ಲ ಎಂದು ಫೋನಿಟ್ಟುಬಿಡುತ್ತಿದ್ದರು. ಇವಳಿಗೆ ಆ ಕೌಂಟರ್ ಒಂದು ವಿಷಯ ಕಲಿಸಿತ್ತು. ಪ್ರೀತಿಯ ವಸ್ತುವಿನ ಗುರುತನ್ನು ಯಾರೂ ಇದ್ದ ಹಾಗೆ ಹೇಳುವುದಿಲ್ಲ.

"ಅಂಚಲ್ಲಿ ಎಲ್ಲಾದ್ರೂ ಹರಿದು ಹೊಲಿದಿದ್ದಾರಾ?"

"ಅಯ್ಯೋ, ಹೌದು! ಅಮ್ಮನೇ ಹೊಲಿದಿದ್ದು! ಅದ್ಹೇಗೆ ಗೊತ್ತಾಯ್ತು?"

ಶಾಲು ಬಸ್ಸಿನಲ್ಲಿ ಅವನ ಊರಿಗೆ ಹೋಯಿತು. ಫೋನುಗಳು ಮಾತ್ರ ನಿಲ್ಲಲಿಲ್ಲ. "ಮೂರನೇ ಮಹಡಿಗೂ ನಾಲ್ಕಕ್ಕೂ ಮಧ್ಯೆ ನೇತಾಡ್ತಿದ್ದೀನಿ ಕೌಂಟರ್ ಮೇಡಂ, ಏನಾದ್ರೂ ಮಾತಾಡಿ!" ಎನ್ನುತ್ತಿದ್ದ. ಅವಳು ನಗುತ್ತಿದ್ದಳು. ಅವಳು ನಗುವುದನ್ನು ಮನೆಯವರು ಕೇಳಿ ವರ್ಷಗಳೇ ಆಗಿದ್ದವು!

ಕೊನೆಗೊಂದು ದಿನ ಅವನು ಕೇಳಿಯೇಬಿಟ್ಟ. "ನಿಮ್ಮನ್ನ ನೋಡ್ಬೇಕು. ಸ್ಟೇಷನ್ನಲ್ಲಿ ಹೇಗೆ ಗುರುತು ಹಿಡೀಲಿ?"

ದಿನಾ ಊರಿಗೆಲ್ಲ 'ಗುರುತು ಹೇಳಿ' ಅನ್ನುವವಳಿಗೆ ತನ್ನ ಗುರುತು ಹೇಳಲು ಬಾಯಿ ಬರಲಿಲ್ಲ.

"ಎತ್ತರ... ಅಷ್ಟೇನಿಲ್ಲ... ಅದೆಲ್ಲ ಬಿಡಿ. ನನ್ನ ಅರ್ಧ ಮುಖ ಸುಟ್ಟಿದೆ. ನೋಡಿದ ಕೂಡ್ಲೇ ಗೊತ್ತಾಗತ್ತೆ."

ಚಿಕ್ಕವಳಿದ್ದಾಗ ಕುದಿಯುವ ಹಾಲು ಚೆಲ್ಲಿತ್ತು. ಸಾಕಿದ ಚಿಕ್ಕಮ್ಮ ಪ್ರತಿ ಫೋಟೋದಲ್ಲೂ "ಆ ಕಡೆ ತಿರುಗೇ" ಎನ್ನುತ್ತಿದ್ದರು. ತಿರುಗಿ ತಿರುಗಿ ಅವಳು ಕನ್ನಡಿ ನೋಡುವುದನ್ನೇ ಬಿಟ್ಟಿದ್ದಳು.

ಸ್ಟೇಷನ್ನಿಂದ ಹಾಗೆ ಎದ್ದು ಬಂದ ಕೆಲವೇ ದಿನಗಳಲ್ಲಿ ಚಿಕ್ಕಮ್ಮ ಒಂದು ಸಂಬಂಧ ತಂದಿದ್ದರು. ಹೆಂಡತಿ ತೀರಿಕೊಂಡ ವ್ಯಾಪಾರಿ.

"ಮುಖ ಗಿಖ ನಾನು ನೋಡಲ್ಲ, ಮನೆ ನೋಡ್ಕೊಂಡ್ರೆ ಸಾಕು ಅಂದಿದ್ದಾರೆ ಕಣೇ. ಇನ್ನೇನು ಬೇಕು ನಿಂಗೆ? ಸಂಜೆಯೊಳಗೆ ಹೂಂ ಅನ್ನು."

ಅವಳು ಹೂಂ ಅನ್ನುವುದೆಂದೇ ತೀರ್ಮಾನಿಸಿ ಕೆಲಸಕ್ಕೆ ಬಂದಿದ್ದಳು. ಅಳುವೂ ಬರಲಿಲ್ಲ. ಒಳಗೆಲ್ಲ ಬರೀ ಭಣಭಣ.

ಕಿಟಕಿಯ ಮುಂದೆ ಯಾರೋ ನಿಂತರು. ಅವಳು ತಲೆಯೆತ್ತದೆ ರೂಢಿಯ ಮಾತು ಹೇಳಿದಳು.

"ಏನು ಕಳ್ಕೊಂಡ್ರಿ? ಗುರುತು ಹೇಳಿ."

ಕಟ್ಟೆಯ ಮೇಲೆ ಎರಡು ಕೈ, ಉಗುರುಗಳಲ್ಲಿ ಗ್ರೀಸು... ಮೊಣಕೈಗೆ ಜೋತುಬಿದ್ದ ಇಟ್ಟಿಗೆ ಬಣ್ಣದ ಶಾಲು!

"ಈ ದನಿ..." ಅಂದ ಅವನು. "ನೀವಾ? ಅವತ್ತು ಬೆಂಚ್ ಮೇಲೆ ಕೂತಿದ್ದವರು... ನೀವೇನಾ?"

ಅವಳಿಗೆ ಸಿಟ್ಟು ನೆತ್ತಿಗೇರಿತು. "ಹೌದು, ನಾನೇ. ನೋಡಿಯೇ ಹೋದ್ರಲ್ಲ! ಇನ್ನೇನು ನೋಡೋಕ್ಕೆ ಬಂದ್ರಿ?"

"ನಾನು ಅರ್ಧ ಮುಖ ಸುಟ್ಟವರನ್ನ ಹುಡುಕ್ತಿದ್ದೆ ರೀ! ಇಡೀ ಸ್ಟೇಷನ್ ಸುತ್ತಿದೆ! ಸಿಗಲಿಲ್ಲ, ಫೋನೂ ಹೋಗಲಿಲ್ಲ. ನನ್ನನ್ನ ನೋಡಿ ಇಷ್ಟ ಆಗದೆ ಹೊರಟುಹೋದ್ರು ಅನ್ಕೊಂಡೆ. ಅದನ್ನೇ ಕೇಳಿ ಹೋಗೋಣ ಅಂತ ಬಂದೆ."

"ಸುಟ್ಟಿದೆಯಲ್ಲ! ಕಾಣಲ್ವಾ?"

"ಎಲ್ಲಿ?"

ಅವಳು ಬಲಗೆನ್ನೆಗೆ ಇಡೀ ಅಂಗೈ ಒತ್ತಿದಳು. ಅವನು ತನ್ನ ದವಡೆಯ ಮೇಲೆ ಹೆಬ್ಬೆರಳ ತುದಿಯಿಟ್ಟು ತೋರಿಸಿದ.

"ಇಷ್ಟೇ ಇರೋದು ರೀ... ಇಷ್ಟೇ."

'ಸುಳ್ಳು. ಕನಿಕರಕ್ಕೆ ಹೇಳ್ತಿದ್ದಾನೆ...' ಅವಳ ಕೈ ಕೆನ್ನೆ ಬಿಡಲಿಲ್ಲ.

"ಹಾಗಾದ್ರೆ ಕಣ್ಣು ಯಾಕೆ ತಗ್ಗಿಸಿದ್ರಿ?"

ಅವನು ಶಾಲಿನ ಅಂಚನ್ನು ಹಿಂಡಿದ. "ಹೇಳಿದ್ರೆ ಬೈಬೇಡಿ. ನಿಮ್ಮನ್ನ ನೋಡಿ, ಇವರೇ ಅವರಾಗಿದ್ರೆ ಎಷ್ಟು ಚೆನ್ನಾಗಿತ್ತು ಅನ್ನಿಸ್ತು. ಆಮೇಲೆ ನನಗೇ ನಾಚಿಕೆ ಆಯ್ತು. ಅಲ್ಲಿ ನೀವು ನನಗೋಸ್ಕರ ಕಾಯ್ತಿರ್ತೀರ... ನಾನು ಇಲ್ಲಿ ಇನ್ಯಾರನ್ನೋ ನೋಡ್ತಾ ನಿಂತಿದ್ದೀನಲ್ಲ ಅಂತ."

ಅವಳು ಕುರ್ಚಿಯ ಮೇಲೆ ಕುಸಿದಳು. ಆಗ ಅಳು ಬಂತು, ವರ್ಷಗಳಿಂದ ತಡೆದಿಟ್ಟಿದ್ದ ಅಳು. ಅವನು ಕಿಟಕಿಯ ಕಂಡಿಯಿಂದ ಶಾಲನ್ನು ಒಳಗೆ ತಳ್ಳಿದ.

"ನನ್ನ ಶಾಲಿನ ಗುರುತು ಇರೋದಕ್ಕಿಂತ ಚೆನ್ನಾಗಿ ಹೇಳಿದ್ದೆ. ನೀವು ಸರಿಯಾಗಿ ಅರ್ಥ ಮಾಡ್ಕೊಂಡು ಹುಡುಕಿ ಕೊಟ್ರಿ. ನಿಮ್ಮದನ್ನ ನಾನೇ ದಡ್ಡನ ಹಾಗೆ ಹೇಳಿದ್ದು ಹೇಳಿದ ಹಾಗೇ ನಂಬಿಬಿಟ್ಟೆ."

ಫೋನು ಹೊಡೆದುಕೊಂಡಿತು. ಚಿಕ್ಕಮ್ಮ.

ಅವಳು ಮೂಗೊರೆಸಿಕೊಂಡು ಎತ್ತಿದಳು. "ಚಿಕ್ಕಮ್ಮ... ಆಗಲ್ಲ. ನನಗೆ ಮುಖ ನೋಡೋರೇ ಬೇಕು." ಆ ಕಡೆಯಿಂದ ಕೂಗಾಟ ಕೇಳಿಸಿತು. ಮನೆಗೆ ಹೋದರೆ ಇನ್ನೂ ಇದೆ ಎಂದು ಗೊತ್ತಿದ್ದೇ ಅವಳು ಫೋನಿಟ್ಟಳು.

"ನನ್ನ ಗುರುತು ನನಗೆ ಹೇಳೋಕ್ಕೆ ಬರಲ್ಲ," ಅಂದಳು ಮೆಲ್ಲಗೆ. "ನೀವೇ ಹೇಳಿ. ಇಲ್ಲಿ ನಿಯಮ ಅಂದ್ರೆ ನಿಯಮ."

ಅವನು ಕಿಟಕಿಗೆ ಬಗ್ಗಿ, ಅವಸರವಿಲ್ಲದೆ ನೋಡಿದ. ಅವಳು ಈ ಸಲ ಆ ಕಡೆ ತಿರುಗಲಿಲ್ಲ.

"ಕಣ್ಣು ದೊಡ್ಡವು, ನಿದ್ದೆಗೆಟ್ಟಿವೆ. ಅತ್ತರೆ ಮೂಗು ಕೆಂಪಾಗತ್ತೆ. ದವಡೆ ಹತ್ರ ಒಂದು ಸಣ್ಣ ಕಲೆ."

"ಕಲೆ ಮೊದಲು ಹೇಳ್ಬೇಕಿತ್ತು."

"ಕಂಡ ಹಾಗೇ ಹೇಳಿದೆ. ನನಗದು ಮೂರನೇದಾಗಿ ಕಾಣಿಸ್ತು."