ಪಾಪು ಮಲಗಿದ್ದಾಗ ಕ್ಯಾರೆಟ್

ಪಾಪುವನ್ನು ಮಲಗಿಸಲು ತಗುಲಿದ ಖರ್ಚು ಇಷ್ಟು: ಒಂದು ಬಾಟಲಿ ಹಾಲು, ಅಮ್ಮನ ಗಂಟಲು, ಅಜ್ಜನ ಎಡಭುಜ. ಜೊತೆಗೆ, ಗೋಡೆಗೆ ಮೊಳೆ ಹೊಡೆಯುವುದನ್ನು ನಾಳೆಗೆ ಹಾಕಿದ ಮೇಲಿನ ಮನೆಯವರ ಉಪಕಾರ.

"ಡಿಕ್ಷನರಿ, ಇನ್ನು ನಿಂದೇ ಕಾವಲು," ಅಮ್ಮ ಪಿಸುಗುಟ್ಟಿದಳು. ಅಮ್ಮ ನರ್ಸು. ರಾತ್ರಿಯೆಲ್ಲ ಡ್ಯೂಟಿ ಮಾಡಿ ಬಂದಿದ್ದಳು, ಸಂಜೆ ಮತ್ತೆ ಹೋಗಬೇಕಿತ್ತು. "ಇವನು ಎದ್ದನೋ, ನನ್ನ ನಿದ್ದೆಗೆ ಎಳ್ಳುನೀರು."

"ಸೊಳ್ಳೆ ಕೂಡ ಪರ್ಮಿಷನ್ ಕೇಳ್ಕೊಂಡೇ ಒಳಗೆ ಬರ್ಬೇಕು. ನೀನು ಮಲ್ಕೋ ಹೋಗು."

ಪಾಪುವಿನ ಅಕ್ಕ ಮನೆಯವರೆಲ್ಲರ ಇಂಗ್ಲಿಷ್ ತಿದ್ದುತ್ತಿದ್ದಳು, ಅದಕ್ಕೇ ಅವಳಿಗೆ ಡಿಕ್ಷನರಿ ಅಂತ ಹೆಸರು. ತನ್ನದನ್ನು ಯಾರಾದರೂ ತಿದ್ದಿದರೆ ಮಾತ್ರ ಹೊಟ್ಟೆನೋವು ಬರುತ್ತಿತ್ತು.

ನಿನ್ನೆ ಕ್ಲಾಸಿನಲ್ಲಿ ಆ ಹೊಟ್ಟೆನೋವು ಬಂದಿತ್ತು. "ಕ್ರಿಸ್ಪಿ, ಕ್ರಂಚಿ ಎರಡೂ ಒಂದೇ ಮಿಸ್. ಸುಮ್ನೆ ಎರಡೆರಡು ಪದ ಇಟ್ಕೊಂಡಿದಾರೆ," ಅಂದಿದ್ದಳು. ಮಿಸ್ ನಕ್ಕು, "ನಾಳೆ ರಜೆ ತಾನೆ, ತಿಂದು ನೋಡ್ಕೊಂಡು ಬಾ," ಅಂದಿದ್ದರು.

ಹಾಗಾಗಿ ತೊಟ್ಟಿಲ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಕೂತಳು. ಕಾವಲೂ ಆಯಿತು, ಹೋಂವರ್ಕೂ ಆಯಿತು. ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಳು.

ಹಾಲಲ್ಲಿ ನೆನೆದ ಬ್ರೆಡ್ಡು ಇಂಗ್ಲಿಷಿನ 'ಸಾಗಿ', ಮೆತ್ತಗೆ ಸದ್ದಿಲ್ಲದೆ ಜಾರಿತು. ಟಾಫಿ ಚ್ಯೂಯಿ, ಹಲ್ಲಿಗೆ ಹಲ್ಲು ಅಂಟಿಸಿತು, ಆದರೂ ಸದ್ದಿಲ್ಲ. ಬಿಸ್ಕತ್ತು ಎಷ್ಟು ಕ್ರಂಬ್ಲಿ ಎಂದರೆ ಬಾಯಿಗಿಂತ ಫ್ರಾಕಿಗೇ ಹೆಚ್ಚು ಸೇರಿತು.

ಚಿಪ್ಸನ್ನು ಉಸಿರು ಬಿಗಿಹಿಡಿದು ಕಚ್ಚಿದಳು. 'ಚುರ್' ಅಂತ ಒಂದೇ ಸದ್ದು, ಆಮೇಲೆ ಬಾಯಲ್ಲಿ ಏನೂ ಇಲ್ಲ. ಪಾಪುವಿನ ರೆಪ್ಪೆ ಅದುರಿ ಸುಮ್ಮನಾಯಿತು.

'ಕ್ರಿಸ್ಪಿ ಬಚಾವ್. ಹಾಗಾದ್ರೆ ಕ್ರಂಚೀನೂ ಬಚಾವ್. ಎರಡೂ ಒಂದೇ ತಾನೆ,' ಅಂದುಕೊಂಡು ಕ್ಯಾರೆಟ್ ಕಚ್ಚಿದಳು.

ಕಟಕ್.

ಮೇಲಿನ ಮನೆಯವರು ಮೊಳೆ ಹೊಡೆದರೂ ಇಷ್ಟು ಸದ್ದಾಗುತ್ತಿರಲಿಲ್ಲ. ಪಾಪು ಮಗ್ಗುಲು ಬದಲಿಸಿದ. ಬಾಯಲ್ಲಿದ್ದ ತುಂಡು ಕರಗಲೊಲ್ಲದು. ಹಾಗೇ ನುಂಗಿದರೆ ಗಂಟಲಿಗೆ ಸಿಕ್ಕೀತು. ಉಗಿದರೆ ಮಿಸ್ ಗೆದ್ದಂತೆ.

ಅಜ್ಜ ಬಾಗಿಲಲ್ಲಿ ಇಣುಕಿದರು. "ಏನೇ, ಹಲ್ಲುನೋವಾ? ಕೋತಿ ಥರ ಕೆನ್ನೆ ಉಬ್ಬಿಸ್ಕೊಂಡು ಕೂತಿದ್ದೀಯಲ್ಲ."

ತಲೆಯಲ್ಲಾಡಿಸಿದಳು. ಅಜ್ಜ ಹೋದ ಮೇಲೆ ಮೆಲ್ಲಗೆ ಒಮ್ಮೆ ಅಗಿದಳು. ಕಟ್. ಇನ್ನೂ ಮೆಲ್ಲಗೆ ಮತ್ತೊಮ್ಮೆ. ಕಟ್.

ಪಾಪು ಕಣ್ಣು ಬಿಟ್ಟ. ಆಮೇಲೆ ಬಾಯಿ ಬಿಟ್ಟ.

ಅಮ್ಮ ಎದ್ದು ಬಂದಳು. ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. "ಸೊಳ್ಳೆ ಬಂತಾ?" ಅಂದಳು. ಬೈದಿದ್ದರೇ ವಾಸಿಯಿತ್ತು.

"ಸೊಳ್ಳೆ ಅಲ್ಲ. ನಾನೇ," ಅಂದಳು ಡಿಕ್ಷನರಿ. ಪಾಪುವನ್ನು ಎತ್ತಿಕೊಂಡಳು. "ನೀನು ಮಲ್ಕೋಮ್ಮ. ಇವನನ್ನ ಹೊರಗೆ ಕರ್ಕೊಂಡು ಹೋಗ್ತೀನಿ."

ಹೊರಗೆ ಮೆಟ್ಟಿಲ ಮೇಲೆ ಕೂತಾಗ ಪಾಪು ಅವಳ ಕೈಯಲ್ಲಿದ್ದ ಕ್ಯಾರೆಟ್ಟನ್ನು ಎಳೆದು ಒಸಡಿಗೆ ಉಜ್ಜಿಕೊಂಡ. ಒಂದಿಷ್ಟೂ ಸದ್ದಿಲ್ಲ.

"ನಿಂಗೆ ಎಲ್ಲಾ ಒಂದೇ ಕಣೋ. ನಿಂಗಾದ್ರೆ ಹಲ್ಲಿಲ್ಲ," ಅಂದಳು. "ನಂಗೇನಾಗಿತ್ತು?"

ಸಂಜೆ ಅಮ್ಮ ಆಕಳಿಸುತ್ತಲೇ ಶೂ ಹಾಕಿಕೊಂಡಳು. ಎದ್ದ ಮೇಲೆ ಮತ್ತೆ ನಿದ್ದೆ ಹತ್ತಿರಲಿಲ್ಲ. ಅಜ್ಜ ಅವಳ ಡಬ್ಬಿಗೆ ಕ್ಯಾರೆಟ್ ತುಂಡುಗಳನ್ನು ಹಾಕುತ್ತಿದ್ದರು. ಡಿಕ್ಷನರಿ ಅವನ್ನು ತೆಗೆದು ಚಿಪ್ಸ್ ತುಂಬಿದಳು.

"ಯಾಕೆ, ಎರಡೂ ಒಂದೇ ಅಂತ ನಿನ್ನೆ ಮನೆಗೆ ಬಂದು ವಾದಿಸ್ತಿದ್ದೆಯಲ್ಲ?"

"ವಾರ್ಡಲ್ಲಿ ಎಲ್ರೂ ಮಲಗಿರ್ತಾರೆ ಅಜ್ಜ."

ಅಮ್ಮ ಡಬ್ಬಿ ತೆಗೆದುಕೊಂಡು ಹೊರಟಳು. ಅವಳ ಒಂದು ಮಧ್ಯಾಹ್ನದ ನಿದ್ದೆ ಹೋಗಿತ್ತು. ಡಿಕ್ಷನರಿಗೆ ಒಂದು ಪದ ಸಿಕ್ಕಿತ್ತು.