ಬಚ್ಚಿಟ್ಟ ಲಾರಿ ಪುಸ್ತಕ

ಸ್ವರೂಪನಿಗೆ ಬೇಕಾದ ಪುಸ್ತಕ ಸುಪ್ರಜಾಳ ಹತ್ತಿರವೇ ಇತ್ತು. ಹಳೆಯ ಪಂಚಾಂಗಗಳ ಕಟ್ಟಿನ ಕೆಳಗೆ ಅದನ್ನು ಬಚ್ಚಿಟ್ಟವಳೂ ಅವಳೇ. ಓದಿದ ಹುಡುಗಿ, ಮಾಡಿದ್ದು ಮಾತ್ರ ಕಳ್ಳಾಟ.

ತೊಂಬತ್ತಾರರ ಬೇಸಿಗೆ. ಚಾಮರಾಜಪೇಟೆಯಲ್ಲಿ ದೊಡ್ಡಪ್ಪ ಶ್ರೀನಿವಾಸಯ್ಯನವರ ಹಳೆ ಪುಸ್ತಕದ ಅಂಗಡಿಯನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಸ್ವರೂಪ್ ತರಗುಪೇಟೆಯಿಂದ ಬೇಳೆ ಸಾಗಿಸುವ ಲಾರಿಗೆ ಒಡೆಯ, ಡ್ರೈವರ್, ಕ್ಲೀನರ್ ಎಲ್ಲ ತಾನೇ. ಲಾರಿ ಎಪ್ಪತ್ತೆರಡರದು. ಯಾವ ಮೆಕ್ಯಾನಿಕ್ಕನ್ನು ಕೇಳಿದರೂ ಗುಜರಿಗೆ ಹಾಕು ಎನ್ನುತ್ತಿದ್ದ. ಹಟ ತೊಟ್ಟ ಸ್ವರೂಪ್ ತಾನೇ ರಿಪೇರಿ ಕಲಿಯಲು ಪುಸ್ತಕ ಹುಡುಕಿಕೊಂಡು ಬಂದಿದ್ದ.

ಅಂಗಡಿಯಲ್ಲಿ ಎರಡಿದ್ದವು. ಎಪ್ಪತ್ತರ ದಶಕದ ಮಾಡೆಲ್‌ಗಳದ್ದೊಂದು, ಎಂಬತ್ತರದ್ದೊಂದು. ಅವಳು ಎಂಬತ್ತರದ್ದನ್ನು ಕೊಟ್ಟಳು.

“ಇದು ನನ್ನ ಗಾಡಿಗೆ ಆಗುತ್ತಾ?”

“ಓದಿ ನೋಡಿ. ಸರಿಹೋಗ್ಲಿಲ್ಲ ಅಂದ್ರೆ ತಂದು ಬದಲಾಯಿಸ್ಕೊಳ್ಳಿ.”

“ಎಷ್ಟು ಸಲ ಬರಬಹುದು?”

ಅವನು ನಗದೇ ಕೇಳಿದ, ಕಣ್ಣು ಮಾತ್ರ ನಗುತ್ತಿತ್ತು. ಪುಸ್ತಕಕ್ಕೆ ಕಾಗದದ ಹೊದಿಕೆ ಹಾಕುತ್ತಿದ್ದವಳ ಬೆರಳಿಗೆ ಮಡಿಕೆ ತಪ್ಪಿತು. ಬದಲಾಯಿಸುವ ನೆಪದಲ್ಲಾದರೂ ಇನ್ನೊಮ್ಮೆ ಬರಲಿ ಎಂಬುದಷ್ಟೇ ಅವಳ ಆಸೆ.

ಆದರೆ ಅವನು ಬರಲಿಲ್ಲ. ಎಂಟನೇ ದಿನ ಮಧ್ಯಾಹ್ನ ಫೋನ್ ಬಂತು.

“ಸುಪ್ರಜಾ ಅವರೇ, ಬ್ರೇಕ್ ನಾನೇ ಬಿಚ್ಚಿ ಸೆಟ್ ಮಾಡ್ದೆ! ನಿಮ್ಮ ಪುಸ್ತಕದಲ್ಲಿರೋ ಹಾಗೇನೇ. ಈಗ ಲೋಡ್ ಹಾಕ್ತಿದಾರೆ. ಶಿರಾಡಿ ಘಾಟಿ ಇಳಿದು ಮಂಗಳೂರಿಗೆ—”

ಕಾಯಿನ್ ಫೋನು, ಲೈನ್ ಕಟ್ಟಾಯಿತು.

ಅವಳು ಪಂಚಾಂಗಗಳನ್ನು ಚೆಲ್ಲಾಡಿ ಪುಸ್ತಕ ಎಳೆದು ಬ್ರೇಕಿನ ಪುಟ ತೆಗೆದಳು. ಅವನ ಮಾಡೆಲ್‌ಗೆ ಬ್ರೇಕ್ ಬಿಗಿ ಮಾಡುವ ಹಲ್ಲುಚಕ್ರವನ್ನು ಎರಡೇ ಹಲ್ಲು ಸಡಿಲಿಸಬೇಕಿತ್ತು. ಅವಳು ಕೊಟ್ಟ ಪುಸ್ತಕದಲ್ಲಿ ಆರು ಎಂದಿದ್ದದ್ದನ್ನು ಹೊದಿಕೆ ಹಾಕುವಾಗ ಕಂಡ ನೆನಪಿತ್ತು. ಜಾಸ್ತಿ ಸಡಿಲಾದರೆ ತುಂಬಿದ ಗಾಡಿ ಇಳಿಜಾರಿನಲ್ಲಿ ನಿಲ್ಲುವುದಿಲ್ಲ ಎಂದು ಕೆಳಗೆ ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಆ ಪುಟಕ್ಕೆ ಬೆರಳಿಟ್ಟು ಪುಸ್ತಕ ಎತ್ತಿಕೊಂಡಳು.

ಅಂಗಡಿ ತೆರೆದಿಟ್ಟೇ ಓಡಿದಳು. ತರಗುಪೇಟೆಯಲ್ಲಿ ಲಾರಿ ಆಗಲೇ ಸ್ಟಾರ್ಟ್ ಆಗಿತ್ತು. ಎದುರಿಗೆ ಹೋಗಿ ನಿಂತಳು.

“ಇಳೀರಿ! ಆ ಪುಸ್ತಕ ನಿಮ್ಮ ಗಾಡಿದಲ್ಲ. ಇದು ನಿಮ್ಮದು.”

ಅವನು ಇಳಿದು ಪುಟ ನೋಡಿದ. ಮುಖ ಬಿಳಿಚಿಕೊಂಡಿತು. “ಇದು ಯಾವಾಗ ಸಿಕ್ತು?”

“ಮೊದಲಿಂದಾನೂ ಇತ್ತು. ಬೇಕಂತಾನೇ ಕೊಡ್ಲಿಲ್ಲ.”

“ಯಾಕೆ?”

ಮೂಟೆ ಹೊರುವವರೆಲ್ಲ ನೋಡುತ್ತಿದ್ದರು. ನಾಚಿಕೆಗೆ ಸಮಯವಿರಲಿಲ್ಲ. “ನೀವು ಮತ್ತೆ ಬರ್ಲಿ ಅಂತ. ನೀವಂದ್ರೆ ನಂಗಿಷ್ಟ.”

ಸ್ವರೂಪ್ ನಗಲಿಲ್ಲ. “ಸತ್ತೋಗ್ತಿದ್ದೆನಲ್ರೀ,” ಎಂದಷ್ಟೇ ಹೇಳಿ ಲೋಡ್ ಇಳಿಸುವಂತೆ ಅವರಿಗೆ ಕೈಸನ್ನೆ ಮಾಡಿದ.

ಮತ್ತೆ ಚಕ್ರಗಳನ್ನು ಬಿಚ್ಚಿದ್ದಾಯಿತು. ಅವಳು ಓದಿದಳು, ಅವನು ಒಂದೊಂದೇ ಹಲ್ಲು ತಿರುಗಿಸಿದ. ಎರಡು ಗಂಟೆ ಅವನು ಅವಳತ್ತ ತಲೆ ಎತ್ತಲಿಲ್ಲ.

ಕೊನೆಗೆ ಲೋಡ್ ಹಾಕಿಸಿ, ಇಳಿಜಾರಿನಲ್ಲಿ ಟ್ರಯಲ್ ನೋಡುತ್ತೇನೆಂದು ಸೀಟು ಹತ್ತಿದ. ಆ ಬದಿಯ ಬಾಗಿಲು ತೆಗೆದು ಅವಳೂ ಹತ್ತಿದಳು.

“ಇಳೀರಿ. ಬ್ರೇಕ್ ಹಿಡಿಯುತ್ತೋ ಇಲ್ವೋ ನಂಗೇ ಗೊತ್ತಿಲ್ಲ.”

“ಗೊತ್ತಿಲ್ಲ ಅಂತಾನೇ ಹತ್ತಿದೀನಿ.”

ಅವಳು ಇಷ್ಟ ಎಂದ ಮೇಲೆ ಮೊದಲ ಸಲ ಅವನು ಅವಳನ್ನು ನೇರವಾಗಿ ನೋಡಿದ. ಕೈ ಚಾಚಿ ಅವಳ ಬಾಗಿಲಿನ ಚಿಲಕ ಭದ್ರ ಮಾಡಿದ. “ಗಟ್ಟಿಯಾಗಿ ಹಿಡ್ಕೋ,” ಎಂದ. ಲಾರಿ ಇಳಿಜಾರಿಗೆ ತಿರುಗಿತು.