ಸುರುಳಿಗೀರಿನ ಕಾವಲಿ

"ವ್ಯಾಜ್ಯ ಗೆಲ್ಲೋದಾದ್ರೆ ಗೆದ್ಕೊಳ್ಳಿ ಸಾಹೇಬ್ರೆ. ಆದ್ರೆ ಕಾವಲಿ ಮೇಲಿನ ಆ ಗೀರು ನಂದು ಅಂತ ಬಾಯಿಬಿಟ್ಟು ಹೇಳ್ಬೇಡಿ. ಅದರ ಮೇಲೆ ಬೆಂದ ಮೊದಲ ತುಂಡನ್ನ ಸತ್ತೋರಿಗೆ ಎಸೀದೆ ತಿನ್ಲೂಬೇಡಿ."

ದೇಗು ಪಟ್ಟಣದಾಚೆಯ ಎರಕದ ಮನೆಯ ಬಾಗಿಲಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ಒಕ್‌ಬುನ್ ಅಜ್ಜಿ ತಲೆಯೆತ್ತದೆ ಹೇಳಿದಳು. ಒಳಗೆ ಕತ್ತಲು. ಆರಿದ ಕುಲುಮೆಯ ಮಸಿ, ಸುಟ್ಟ ಮರಳಿನ ವಾಸನೆ. ಅವಳ ಗಂಡ ಕಾದ ಕಬ್ಬಿಣದ ಮೇಲೆ ಎರಡೂ ಅಂಗೈ ಊರಿ ಬಿದ್ದಿದ್ದನಂತೆ. ಗಾಯ ಮಾಗದೆ ಸುರುಳಿಯಾಗಿ ಉಬ್ಬಿತಂತೆ. ಅದನ್ನೇ ನೋಡಿಕೊಂಡು, ಹಂದಿಯ ಕೊಬ್ಬು ಹರಿದಿಳಿಯಲು ಕಾವಲಿಯ ಮೇಲೆ ಗೀರು ಮೂಡಿಸಿದನಂತೆ. ಅವನು ನರಳಿ ಸತ್ತ ಮೇಲೆ, ದೇವರು ಮೈದುಂಬುವ ಹೆಂಗಸೊಬ್ಬಳು ಹಗಲಿಡೀ ಕುಣಿದು ಆ ಉರಿಯನ್ನು ಗೀರಿನೊಳಗೆ ಕಟ್ಟಿಹಾಕಿದಳಂತೆ.

"ಹಾಗಾದ್ರೆ ಉರಿಗೂ ಒಂದು ಪೇಟೆಂಟ್ ಮಾಡಿಸೋಣ್ವಾ ಅಜ್ಜಿ?" ಎಂದು ಎದುರು ನಿಂತಿದ್ದ ಮ್ಯಾಂಗ್ ಇನ್‌ಸೊಪ್ ನಕ್ಕ.

ಸೋಲ್ ನಗರದ ಕಂಪನಿಯೊಂದರ ಪರವಾಗಿ ಆ ಕಾವಲಿಯನ್ನು ತನ್ನದೆಂದು ಬರೆದುಕೊಟ್ಟವನು ಅವನೇ. ಆರು ವರ್ಷದಿಂದ ಅಜ್ಜಿಯೊಂದಿಗೆ ವ್ಯಾಜ್ಯ. ಒಮ್ಮೆ ಮೊಹರಿಲ್ಲವೆಂದು, ಇನ್ನೊಮ್ಮೆ ಅಧಿಕಾರಿ ಬದಲಾದರೆಂದು ಪೇಟೆಂಟ್ ಕಚೇರಿಯವರು ಮುಂದೂಡಿ ಮುಂದೂಡಿ ಜೀವ ಹಿಂಡಿದ್ದರು. ಈ ಸಲವೂ ಗೆಲ್ಲದಿದ್ದರೆ ಇನ್‌ಸೊಪ್‌ನ ಕೆಲಸವೇ ಹೋಗುತ್ತಿತ್ತು.

ವಿಚಾರಣೆಯ ದಿನ ಕಚೇರಿಯ ಮೇಜಿನ ಮೇಲೆಯೇ ಕಾವಲಿ ಕಾಯಿಸಿದರು. ಮಾಂಸ ಚುರುಗುಟ್ಟಿತು. ಕೊಬ್ಬು ಗೀರು ಹಿಡಿದು ಸುತ್ತಿ ಸುತ್ತಿ ಇಳಿಯಿತು.

"ಇದನ್ನ ರೂಪಿಸಿದ್ದು ಯಾರು?" ಎಂದು ಅಧಿಕಾರಿ ಕೇಳಿದರು.

"ನಾನೇ. ಗೀರು ನಂದು," ಎಂದ ಇನ್‌ಸೊಪ್.

"ಕಿಟಕಿ ತೆಗೀರಪ್ಪಾ! ಒಂದು ತುಂಡು ಹೊರಗೆ ಎಸೀರಿ!" ಅಜ್ಜಿ ಚೀರಿದಳು.

"ಕೂತ್ಕೊಳ್ಳಮ್ಮಾ, ಇದು ಕಚೇರಿ. ನಿಮ್ಮ ಹಿತ್ತಲಲ್ಲ," ಎಂದ ಗುಮಾಸ್ತ.

ಅವಳನ್ನೇ ನೋಡುತ್ತ ಇನ್‌ಸೊಪ್ ಮೊದಲ ತುಂಡನ್ನು ಬಾಯಿಗಿಟ್ಟ.

ಗೆದ್ದ.

ರೈಲಿನಲ್ಲಿ ಅಂಗೈ ಬೆಚ್ಚಗಾಯಿತು. ಮನೆ ಸೇರುವಷ್ಟರಲ್ಲಿ ಕುದಿಯಿತು. ಮಂಜುಗಡ್ಡೆ ಹಿಡಿದ. ಹಬೆಯಾಯಿತು. ಚರ್ಮ ಉಬ್ಬಿತು. ಸುರುಳಿ. ಸುರುಳಿಯೊಳಗೆ ಸುರುಳಿ. ಅದರಗುಂಟ ಕೊಬ್ಬು ಜಿನುಗಿತು. ಬೇಯುವ ಮಾಂಸದ ವಾಸನೆ ತನ್ನ ಕೈಯದೇ. ವೈದ್ಯರು ಏನೂ ಕಾಣುತ್ತಿಲ್ಲವೆಂದರು.

ನಾಲ್ಕನೆಯ ದಿನ ಎರಕದ ಮನೆಗೆ ಓಡಿದ. "ತಗೊಳ್ಳಿ ಅಜ್ಜಿ, ನಿಮ್ಮದೇ! ಎಲ್ಲಾ ಬರೆದುಕೊಡ್ತೀನಿ!"

"ಬರೀರಿ. ನಾನು ಬೇಡ ಅಂದ್ನಾ? ಆರು ವರ್ಷ ಅದನ್ನೇ ತಾನೆ ಕೇಳಿದ್ದು."

ಹಾಳೆ ಹರವಿ ಕೈ ಊರಿದ. ಹಾಳೆ ಹೊತ್ತಿ ಕರಕಾಯಿತು. ಎಡಗೈ ಇಟ್ಟ. ಅದೂ ಕರಕಾಯಿತು.

"ಇನ್ನೊಂದು ಕೊಡಿ. ಇನ್ನೊಂದು!"

ಅಜ್ಜಿ ಒಳಗಿಂದ ಇನ್ನೊಂದು ಹಾಳೆ ತಂದಳು. ಅವನ ಕೈ ಸೇರುವ ಮೊದಲೇ ಅದರ ಅಂಚು ಕರಕಾಗತೊಡಗಿತು.